ಪದಚರ್ಚೆ: ‘ಏಗ್ಯೂ’, ‘ಏಗ್ಯೂ ಕೇಕ್’ ಇವಕ್ಕೆ ಕನ್ನಡದಲ್ಲಿ ಏನೆನ್ನೋಣ?

ಬಳಗದವರಿಗೆಲ್ಲ ನಮಸ್ಕಾರ.

1830ರ ಸುಮಾರಿನ ಅಮೆರಿಕದ ಮಿಸೌರಿ, ಇಲಿನಾಯ್, ಇಂಡಿಯಾನಾ ಕಡೆಯ ವೈದ್ಯರ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಕಾಡು ಕಡಿದು ಹೊಸದಾಗಿ ಒಕ್ಕಲಾದ ಸೀಮೆಯಲ್ಲಿ, ಜೀನಿನ ಎರಡೂ ಬದಿಗೆ ಮದ್ದಿನ ಚೀಲ ಇಳಿಬಿಟ್ಟುಕೊಂಡು ಕುದುರೆಯ ಮೇಲೆ ಮನೆಮನೆಗೆ ಹೋಗುತ್ತಿದ್ದವರು ಇವರು. (‘ಫ್ರಾಂಟಿಯರ್’ ಎಂಬುದನ್ನು ‘ಗಡಿನಾಡು’ ಎಂದರೆ ಓದುಗರು ನೇರ ಕಾಸರಗೋಡಿಗೆ ಹೊರಟುಬಿಡುತ್ತಾರೆ, ‘ಹೊಸ ಒಕ್ಕಲು ಸೀಮೆ’ ಎಂದು ಹೇಗೋ ದಾಟಿಸಿದ್ದೇನೆ.) ತೊಡಕಾಗಿರುವುದು ‘ಏಗ್ಯೂ’ (ague) ಎಂಬ ಜ್ವರದ ಹೆಸರು.

ಮೊದಲು ಹಲ್ಲು ಕಟಕಟ ಎನ್ನಿಸುವ ಚಳಿ, ಎಷ್ಟು ಹೊದಿಸಿದರೂ ನಿಲ್ಲದ ನಡುಕ; ಆಮೇಲೆ ಮೈ ಸುಡುವ ಕಾವು, ಕೊನೆಗೆ ಬೆವರು. ಮರುದಿನ ಹೊಲಕ್ಕೆ, ಅದರ ಮರುದಿನ ಮತ್ತೆ ಹಾಸಿಗೆಗೆ. ನದಿ ಬಯಲಿನ ಒಕ್ಕಲುಗಳಲ್ಲಿ ಇದು ಎಷ್ಟು ಮಾಮೂಲಿಯಾಗಿತ್ತೆಂದರೆ, ‘ಕಾಯಿಲೆಯೇನಲ್ಲ, ಬರೀ ಏಗ್ಯೂ’ ಎಂದೇ ಜನ ಹೇಳುತ್ತಿದ್ದರು.

ಲಕ್ಷಣ ನೋಡಿದರೆ ಮಲೇರಿಯಾ. ಆದರೂ ಹಾಗೆ ಬರೆಯಲು ನನಗೆ ಮನಸ್ಸಿಲ್ಲ. ಆ ರೋಗಾಣುವನ್ನು ಫ್ರೆಂಚ್ ವೈದ್ಯ ಲಾವೆರಾನ್ ಕಂಡದ್ದು 1880ರಲ್ಲಿ. ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಅದನ್ನು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಹಿಡಿದದ್ದು 1897ರಲ್ಲಿ. 1830ರ ವೈದ್ಯನ ಪಾಲಿಗೆ ಜೌಗಿನಿಂದ ಏಳುವ ಕೆಟ್ಟ ಗಾಳಿಯೇ ಕಾರಣ, ನಡುಗಿಸುವ ಜ್ವರವೆಲ್ಲ ಏಗ್ಯೂ. ಆಯುರ್ವೇದದ ‘ವಿಷಮಜ್ವರ’ ಅರ್ಥಕ್ಕೆ ಹತ್ತಿರವೇನೋ ಹೌದು; ಆದರೆ ನಮ್ಮ ಪಠ್ಯಪುಸ್ತಕಗಳು ಟೈಫಾಯ್ಡ್‌ಗೆ ‘ವಿಷಮಶೀತಜ್ವರ’ ಎಂದು ಹೆಸರಿಟ್ಟಮೇಲೆ ಆ ದಾರಿ ಮುಚ್ಚಿಹೋಗಿದೆ. ಹಾಗಾಗಿ ‘ಚಳಿಜ್ವರ’ ಎಂದೇ ಬರೆದಿದ್ದೇನೆ. ಹೆಚ್ಚಿನ ವೈದ್ಯರು ಇದಕ್ಕೆ ರಕ್ತ ಹರಿಸುತ್ತಿದ್ದರು, ಕ್ಯಾಲೊಮೆಲ್ ಎಂಬ ಪಾದರಸದ ಲವಣವನ್ನು ವಸಡು ಊದಿ ಜೊಲ್ಲು ಸುರಿಯುವವರೆಗೂ ಕುಡಿಸುತ್ತಿದ್ದರು. ಮಿಸೌರಿಯ ಆರೋ ರಾಕ್‌ನ ಜಾನ್ ಸ್ಯಾಪಿಂಗ್ಟನ್ ರಕ್ತ ತೆಗೆಯುವುದನ್ನು ಕಟುವಾಗಿ ವಿರೋಧಿಸಿ, 1832ರಿಂದ ಕ್ವಿನೈನ್ ಗುಳಿಗೆ ಮಾರಿದ. 1844ರಲ್ಲಿ ಪುಸ್ತಕ ಬರೆದು, ಗುಟ್ಟಾಗಿದ್ದ ಗುಳಿಗೆಯ ಪಾಕವನ್ನೂ ಬಯಲು ಮಾಡಿದ. ಅವನ ಗುಳಿಗೆಗೆ ‘ಜ್ವರಹರ ಗುಳಿಗೆ’ ಎಂಬ ಹೆಸರು ಒಪ್ಪುತ್ತದೆ, ಅದರಲ್ಲಿ ತಕರಾರಿಲ್ಲ.

ಈಗ ಕೇಳಬೇಕಾದದ್ದು. ಜ್ವರ ತಿಂಗಳುಗಟ್ಟಲೆ ಬಿಡದೆ ಕಾಡಿದವರಿಗೆ ಎಡ ಪಕ್ಕೆಲುಬಿನ ಕೆಳಗೆ ಗುಲ್ಮ (ಸ್ಪ್ಲೀನ್) ಊದಿ, ಬೆರಳಿಟ್ಟರೆ ಗಟ್ಟಿಯಾಗಿ ಸಿಗುತ್ತಿತ್ತು. ಅದನ್ನೇ ಅಲ್ಲಿನವರು ‘ಏಗ್ಯೂ ಕೇಕ್’ ಎಂದದ್ದು. ನಮ್ಮ ಮಲೆನಾಡಿನ ‘ಜ್ವರಗಡ್ಡೆ’ ಇದೇ ಅಲ್ಲವೇ? ಹೊಟ್ಟೆ ಮುಂದೆ ಬಂದು, ಕೈಕಾಲು ಕಡ್ಡಿಯಾದ ಮಕ್ಕಳ ವಿಷಯದಲ್ಲಿ ಹಿರಿಯರು ಈ ಮಾತನ್ನು ಆಡುತ್ತಿದ್ದರು. ಬಯಲುಸೀಮೆಯಲ್ಲಿ, ಉತ್ತರ ಕರ್ನಾಟಕದಲ್ಲಿ ಇದಕ್ಕೆ ಬೇರೆ ಹೆಸರಿದೆಯೇ? ‘ಗಡ್ಡೆ’ ಎಂದ ಕೂಡಲೇ ಇಂದಿನ ಓದುಗ ಕ್ಯಾನ್ಸರ್ ಎಂದುಕೊಳ್ಳುತ್ತಾನೆಂಬ ಅಳುಕೂ ಇದೆ. ಒಂದು ಸಾಲಿನ ವಿವರಣೆ ಸಾಕೇ, ಪದವನ್ನೇ ಬದಲಿಸಬೇಕೇ?

ಜೊತೆಗೆ, ದಿನ ಬಿಟ್ಟು ದಿನ ಬರುವ ಜ್ವರಕ್ಕೆ ‘ತೃತೀಯಕ’ವನ್ನು ಬಿಟ್ಟು ಮನೆಮಾತಿನ ಹೆಸರು ಯಾರಿಗಾದರೂ ಗೊತ್ತಿದ್ದರೆ, ಯಾವ ಊರಿನ ಬಳಕೆ ಎಂಬುದನ್ನೂ ಸೇರಿಸಿ ತಿಳಿಸಿ.