ಪಿಎ8 ಪಿನ್‌ನಲ್ಲಿ 36 ಮೆಗಾಹರ್ಟ್ಸ್ ಕ್ಲಾಕ್ ತುಂಬಾ ವೀಕ್ ಇದೆ, ಚಿಪ್ ಹೋಗಿದೆಯಾ?

ಪ್ರಶ್ನೆ:
ಎಸ್‌ಟಿಎಂ32ಎಫ್103 ಮೈಕ್ರೋಕಂಟ್ರೋಲರ್ ಚಿಪ್‌ನ ಬೋರ್ಡು, ಬೆಸುಗೆ ನನ್ನದೇ. 8 ಮೆಗಾಹರ್ಟ್ಸ್ ಕ್ರಿಸ್ಟಲ್, ಪಿಎಲ್‌ಎಲ್‌ನಿಂದ (ಚಿಪ್ ಒಳಗೆ ಕ್ಲಾಕ್ ವೇಗ ಹೆಚ್ಚಿಸುವ ಭಾಗ) 72. ನಿಜವಾಗಿ 72 ಇದೆಯಾ ಅಂತ ನೋಡೋಣ ಎಂದು ಎಂಸಿಒ (ಒಳಗಿನ ಕ್ಲಾಕನ್ನು ಪಿನ್‌ಗೆ ಹೊರತರುವ ಸೌಲಭ್ಯ) ಆನ್ ಮಾಡಿ, ಪಿಎಲ್‌ಎಲ್‌ನ ಅರ್ಧ ಅಂದರೆ 36 ಅನ್ನು ಪಿಎ8ಗೆ ತಂದೆ. 3.3 ವೋಲ್ಟ್ ಚೌಕದ ಅಲೆ ಬರಬೇಕಿತ್ತು, ಅರ್ಧ ವೋಲ್ಟೂ ಇಲ್ಲ, ಸುಮ್ನೆ ದುಂಡಗೆ ಅಲ್ಲಾಡುತ್ತಿದೆ. ಸೀರಿಯಲ್ ಪೋರ್ಟ್ ಸರಿಯಾಗಿಯೇ ಓಡುತ್ತಿದೆ. ಅಲೆ ನೋಡುತ್ತಿರುವ ಆಸಿಲೋಸ್ಕೋಪ್ 100 ಮೆಗಾಹರ್ಟ್ಸ್‌ನದು. ಎರಡು ಸಂಜೆ ಇದರಲ್ಲೇ ಹೋಯಿತು, ಚಿಪ್ ಬದಲಾಯಿಸಲಾ?

ಉತ್ತರ 1:
ಚಿಪ್ ಮುಟ್ಟಬೇಡಿ. ಸೀರಿಯಲ್ ಓಡುತ್ತಿದೆ ಅಂದಮೇಲೆ ಒಳಗಿನ ಕ್ಲಾಕ್ ಚೆನ್ನಾಗಿದೆ ಅಂತಲೇ ಅರ್ಥ. ಪ್ರೋಬ್ ಮೇಲಿನ ಸಣ್ಣ ಸ್ವಿಚ್ ನೋಡಿ, 1ಎಕ್ಸ್‌ನಲ್ಲಿದೆಯಾ (ಸಿಗ್ನಲ್ ಕುಗ್ಗಿಸದೆ ಹಾಗೇ ಕಳಿಸುವ ಸ್ಥಾನ)? ಅಲ್ಲಿದ್ದರೆ ಪ್ರೋಬ್, ಕೇಬಲ್ ಸೇರಿ ಸುಮಾರು 100 ಪಿಕೋಫ್ಯಾರಡ್ ಪಿನ್ ಮೇಲೆ ಕೂರುತ್ತದೆ, 36 ಮೆಗಾಹರ್ಟ್ಸ್‌ಗೆ ಅದು ಬರೀ 44 ಓಮ್‌ನ ಹಾಗೆ, ಸಿಗ್ನಲ್ ಕುಗ್ಗಿಹೋಗುತ್ತದೆ. ಸ್ಕೋಪ್ 100ರದ್ದಾದರೂ 1ಎಕ್ಸ್‌ನಲ್ಲಿ ಸಾಮಾನ್ಯ ಪ್ರೋಬ್ ಹತ್ತು ಮೆಗಾಹರ್ಟ್ಸ್ ದಾಟುವುದೂ ಕಷ್ಟ. 10ಎಕ್ಸ್‌ಗೆ (ಹತ್ತನೇ ಒಂದಕ್ಕೆ ಇಳಿಸುವ ಸ್ಥಾನ) ತಳ್ಳಿ, ಸ್ಕೋಪ್ ಮೆನುವಿನಲ್ಲೂ ಬದಲಾಯಿಸಿ.

ಕೇಳಿದವರು:
ಹೌದು, 1ಎಕ್ಸ್‌ನಲ್ಲೇ ಇತ್ತು! ಈಗ ಒಂದು ವೋಲ್ಟ್ ದಾಟಿದೆ, ಆದರೂ ತ್ರಿಕೋನದ ಹಾಗೇ ಇದೆ.

ಉತ್ತರ 2:
ಪಿನ್ ಸ್ಪೀಡ್ ಎಷ್ಟು ಇಟ್ಟಿದ್ದೀರಿ? ಲೈಬ್ರರಿ ಬಳಸದೆ ರಿಜಿಸ್ಟರ್‌ಗೆ ನೇರ ಬರೆದಿದ್ದರೆ, ಸಿಆರ್‌ಎಚ್ ರಿಜಿಸ್ಟರ್‌ನ ಕೊನೆಯ ನಾಲ್ಕು ಬಿಟ್ ಹೇಳಿ, ಪಿಎ8ರ ಸೆಟ್ಟಿಂಗ್ ಅಲ್ಲೇ ಇರುತ್ತದೆ.

ಕೇಳಿದವರು:
1010.

ಉತ್ತರ 2:
ಕಳ್ಳ ಅಲ್ಲೇ ಇದ್ದಾನೆ. ಕೊನೆಯ 10 ಅಂದರೆ 2 ಮೆಗಾಹರ್ಟ್ಸ್ ಸ್ಪೀಡ್. ಆ ಸೆಟ್ಟಿಂಗ್‌ನಲ್ಲಿ ಪಿನ್ ಕೆಳಗಿನಿಂದ ಮೇಲಕ್ಕೆ ಏರಲು 125 ನ್ಯಾನೋಸೆಕೆಂಡ್‌ವರೆಗೂ ಹಿಡಿಯಬಹುದು ಅಂತ ಡೇಟಾಶೀಟೇ ಹೇಳುತ್ತದೆ. ನಿಮ್ಮ 36ರಲ್ಲಿ ಅರ್ಧ ಸುತ್ತಿಗೆ ಸಿಗುವುದು 14 ನ್ಯಾನೋಸೆಕೆಂಡ್, ಪಾಪ ಅದು ಏರುವಷ್ಟರಲ್ಲೇ ಇಳಿಯಬೇಕು. 1011 ಬರೆಯಿರಿ, 50 ಮೆಗಾಹರ್ಟ್ಸ್ ಆಗುತ್ತದೆ. ಪೂರ್ತಿ 72 ಅನ್ನು ಈ ಪಿನ್‌ಗೆ ಕಳಿಸಬೇಡಿ, ಅದರ ಮಿತಿಯೇ 50.

ಕೇಳಿದವರು:
ಒಂದೇ ಒಂದು ಬಿಟ್! ಈಗ 3.3 ಪೂರ್ತಿ ಬರುತ್ತಿದೆ. ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಅಂಚಿನಲ್ಲಿ ಮಾತ್ರ ಚೂಪಾಗಿ ಮೇಲೆ ಹಾರಿ ನಡುಗುತ್ತಿದೆ.

ಉತ್ತರ 1:
ಅದು ಜಾಸ್ತಿ ಮಟ್ಟಿಗೆ ಪ್ರೋಬ್‌ನ ಉದ್ದ ಗ್ರೌಂಡ್ ವೈರಿನದು. ಮೊಸಳೆ ಕ್ಲಿಪ್ ತೆಗೆದು, ಪ್ರೋಬ್ ಜೊತೆ ಕೊಟ್ಟಿರುವ ಚಿಕ್ಕ ಸ್ಪ್ರಿಂಗ್ ಹಾಕಿ, ಪಿನ್ ಪಕ್ಕದ ಗ್ರೌಂಡ್‌ಗೇ ಒತ್ತಿ ನೋಡಿ. ಆಮೇಲೂ ಉಳಿದರೆ, ಈ ಕ್ಲಾಕ್ ಬೇರೆ ಚಿಪ್‌ಗೆ ಹೋಗುವುದಿದ್ದರೆ ಪಿಎ8 ಬುಡದಲ್ಲೇ 33 ಓಮ್ ರೆಸಿಸ್ಟರ್ ಸರಣಿಯಲ್ಲಿ ಹಾಕಿ.