ಶಿಪ್‌ರೆಕ್ಡ್ (ಸ್ವಿಚ್): ಹರಿಕೇನ್ ಸೀಸನ್ ಬರೋದ್ರೊಳಗೆ ಏನೇನು ಮುಗಿಸಿಕೊಂಡಿರಬೇಕು?

ಪಡುವಣಗಾಳಿ

ಎಲ್ಲರಿಗೂ ನಮಸ್ಕಾರ. ಡೋಂಟ್ ಸ್ಟಾರ್ವ್ ಅನ್ನೋ ಬದುಕುಳಿಯೋ ವಿಡಿಯೋ ಗೇಮ್‌ನ ಸ್ವಿಚ್ ಎಡಿಷನ್‌ನಲ್ಲಿ, ಅದರ ದ್ವೀಪಗಳ ಭಾಗವಾದ ಶಿಪ್‌ರೆಕ್ಡ್ ಆಡ್ತಿದ್ದೀನಿ. ಪಾತ್ರ ವಿಲ್ಸನ್, ಸೆಟ್ಟಿಂಗ್ ಎಲ್ಲ ಡೀಫಾಲ್ಟ್. ಮೈಲ್ಡ್ ಸೀಸನ್ ಆರಾಮಾಗಿ ಕಳೆಯುತ್ತೆ. ಹರಿಕೇನ್ ಶುರುವಾಯ್ತು ಅಂದ್ರೆ ಊಟ ಸಾಲಲ್ಲ, ಕ್ಯಾಂಪ್‌ಫೈರ್ ನಿಲ್ಲಲ್ಲ, ಸ್ಯಾನಿಟಿ (ಪಾತ್ರದ ಮನಸ್ಸಿನ ಸ್ಥಿಮಿತ) ಇಳೀತಾನೇ ಇರುತ್ತೆ. ಮೊದಲು ಸಿಕ್ಕ ದ್ವೀಪದಲ್ಲೇ ಬೇಸ್ ಕಟ್ಟೋದು ಸರೀನಾ? ಯಾವ ದೋಣಿವರೆಗೆ ಬಂದಿರಬೇಕು? ಹಳದಿ ಹಾವು ಕಚ್ಚಿದಾಗ ಏರೋ ವಿಷಕ್ಕೆ ಏನು ಮಾಡೋದು? ಗೊತ್ತಿರೋರು ಲೆಕ್ಕ ಸಮೇತ ಹೇಳಿದ್ರೆ ಉಪಕಾರ.

ಗಡ್ಡದ_ವಿಲ್ಸನ್

ಮೊದಲ ದ್ವೀಪದಲ್ಲಿ ಬೇಸ್ ಕಟ್ಟಬೇಡಿ. ಈ ಆಟದಲ್ಲಿ ಹೆಚ್ಚಿನವರು ಸೋಲೋದು ಅಲ್ಲೇ. ಡೀಫಾಲ್ಟ್‌ನಲ್ಲಿ ಮೈಲ್ಡ್ 20 ದಿನ, ಹರಿಕೇನ್ 15, ಮಾನ್ಸೂನ್ 20, ಡ್ರೈ 15. ಅಂದ್ರೆ 21ನೇ ದಿನಕ್ಕೆ ಗಾಳಿ ಏಳುತ್ತೆ. ಆ 20 ದಿನ ಇರೋದು ಕಡಲು ಸುತ್ತಿ ಜಾಗ ಹುಡುಕೋಕೆ. ಒಂದೇ ದಂಡೆಯ ಮೇಲೆ ಕಲ್ಲು ಗುಡ್ಡೆ ಹಾಕ್ತಾ ಕೂತರೆ ಸಮಯ ಅಲ್ಲೇ ಕರಗಿಹೋಗುತ್ತೆ.

ಮೊದಲ ದಿನ ಕೊಡಲಿಗಿಂತ ಮುಂಚೆ ಮಚ್ಚು ಮಾಡಿಕೊಳ್ಳಿ: 1 ಕಡ್ಡಿ, 3 ಫ್ಲಿಂಟ್ (ಚಕಮಕಿ ಕಲ್ಲು). ಜಂಗಲ್‌ನಲ್ಲಿ ಬಿದಿರು, ಬಳ್ಳಿ ಕಡಿಯೋಕೆ ಅದೇ ಬೇಕು. 4 ಬಿದಿರು, 3 ಬಳ್ಳಿ ಆದ್ರೆ ರಾಫ್ಟ್ ರೆಡಿ, ಅದಕ್ಕೆ ಯಾವ ಮಷೀನೂ ಬೇಡ. ಜಂಗಲ್ ಇಲ್ಲದ ದ್ವೀಪದಲ್ಲಿ ಬಿದ್ದಿದ್ರೆ 6 ದಿಮ್ಮಿ, 4 ಹುಲ್ಲಿಗೆ ಲಾಗ್ ರಾಫ್ಟ್ ಆಗುತ್ತೆ. ಇವೆರಡೂ ಪಕ್ಕದ ದ್ವೀಪಕ್ಕೆ ದಾಟೋಕೆ ಸಾಕು, ದೂರದ ಪ್ರಯಾಣಕ್ಕೆ ಅಲ್ಲ. ನೀರಿನ ಮಧ್ಯೆ ದೋಣಿ ಒಡೆದರೆ ಈಜೋ ಮಾತೇ ಇಲ್ಲ, ಮುಳುಗಿ ಸಾಯ್ತೀರಿ. ಲೈಫ್ ಜಾಕೆಟ್ ಹಾಕಿದ್ರೆ ಮಾತ್ರ ಬಚಾವ್.

ಮುಂದಿನ ಗುರಿ ಚಿನ್ನ. ಸೈನ್ಸ್ ಮಷೀನ್‌ಗೆ (ಹೊಸ ಸಾಮಾನು ಮಾಡೋಕೆ ಬೇಕಾದ ಯಂತ್ರ) 1 ಚಿನ್ನ, 4 ದಿಮ್ಮಿ, 4 ಕಲ್ಲು. ಮೊದಲ ದ್ವೀಪದಲ್ಲಿ ಚಿನ್ನ ಕಾಣದಿದ್ರೆ ಹುಡುಕ್ತಾ ದಿನ ಕಳೀಬೇಡಿ. ಮ್ಯಾಗ್ಮಾ ಬಯೋಮ್ ಇರೋ ದ್ವೀಪ ಸಿಗೋವರೆಗೆ ರಾಫ್ಟ್‌ನಲ್ಲಿ ದಂಡೆ ಹಿಡಿದುಕೊಂಡೇ ಹೋಗಿ. ಅಲ್ಲಿ ಪಿಕ್‌ಆಕ್ಸ್ (2 ಕಡ್ಡಿ, 2 ಫ್ಲಿಂಟ್) ಇದ್ರೆ ಕಲ್ಲು, ಚಿನ್ನ ಎರಡೂ ಒಟ್ಟಿಗೆ ಸಿಗುತ್ತೆ.

ಮಷೀನ್ ಆದ ತಕ್ಷಣ ರೋ ಬೋಟ್: 3 ಹಲಗೆ, 4 ಬಳ್ಳಿ. ಒಂದು ಹಲಗೆಗೆ 4 ದಿಮ್ಮಿ ಲೆಕ್ಕದಲ್ಲಿ 12 ದಿಮ್ಮಿ ಆಯ್ತು. ಹಾಯಿ, ಲಾಂಟರ್ನ್ ಎರಡನ್ನೂ ಇದಕ್ಕೆ ಸಿಕ್ಕಿಸಬಹುದು. ಥ್ಯಾಚ್ ಸೇಲ್‌ಗೆ 2 ಬಿದಿರು, 2 ಬಳ್ಳಿ, 4 ತಾಳೆಗರಿ. ಹಾಯಿ ಇಲ್ಲದೆ ರೋ ಬೋಟ್ ನೀರಿಗಿಳಿಸಬೇಡಿ. ಹಗಲು ಮುಗಿಯೋದ್ರೊಳಗೆ ಇನ್ನೊಂದು ದಂಡೆ ಮುಟ್ಟೋದಕ್ಕೂ ಕತ್ತಲೆಯಲ್ಲಿ ಸಿಕ್ಕಿಹಾಕಿಕೊಳ್ಳೋದಕ್ಕೂ ಇರೋ ವ್ಯತ್ಯಾಸ ಆ ಹಾಯಿಯೇ.

ದೋಣಿ ಮೇಲಿದ್ರೂ ಚಾರ್ಲಿ (ಕತ್ತಲಲ್ಲಿ ಬಂದು ಹೊಡೆಯೋಳು) ಬಿಡಲ್ಲ. ಅವಳ ಒಂದು ಹೊಡೆತಕ್ಕೆ 100 ಪ್ರಾಣ ಹೋಗುತ್ತೆ, ವಿಲ್ಸನ್‌ಗೆ ಇರೋದು 150. ಎರಡನೇ ಹೊಡೆತಕ್ಕೆ ಆಟ ಮುಗೀತು. ಕೈಯಲ್ಲಿ ಒಂದು ಟಾರ್ಚ್ (2 ಹುಲ್ಲು, 2 ಕಡ್ಡಿ) ಯಾವಾಗಲೂ ಇರಲಿ.

ಸಿಹಿಗೆಣಸು

ಮೇಲಿನವರು ದೋಣಿ ವಿಷಯ ಚೆನ್ನಾಗಿ ಹೇಳಿದ್ದಾರೆ. ನಾನು ಊಟದ ಲೆಕ್ಕ ಹೇಳ್ತೀನಿ.

ವಿಲ್ಸನ್‌ಗೆ ದಿನಕ್ಕೆ 75 ಹಸಿವು ಇಳಿಯುತ್ತೆ. ಒಂದು ಮೀಟ್‌ಬಾಲ್ 62.5 ತುಂಬುತ್ತೆ. 4 ದಿನಕ್ಕೆ 5 ಮೀಟ್‌ಬಾಲ್ ಆದ್ರೆ ಹೊಟ್ಟೆ ಚಿಂತೆ ಇಲ್ಲ. ಅದಕ್ಕೆ ಬೇಕಿರೋದು ಕ್ರಾಕ್ ಪಾಟ್ (ಅಡುಗೆ ಪಾತ್ರೆ): 3 ಕಟ್ ಸ್ಟೋನ್ (ಅಂದ್ರೆ 9 ಕಲ್ಲು), 6 ಇದ್ದಿಲು, 6 ಕಡ್ಡಿ. ಇದ್ದಿಲಿಗೆ ಮರ ಸುಟ್ಟು, ಆಮೇಲೆ ಕಡಿಯಬೇಕು. ಜಂಗಲ್ ಒಳಗೆ ಬೆಂಕಿ ಹಚ್ಚಬೇಡಿ, ಬಿದಿರು, ಬಳ್ಳಿ ಎಲ್ಲ ಸೇರಿ ಉರಿದುಹೋಗುತ್ತೆ. ಬೀಚ್‌ನಲ್ಲಿ ಒಂಟಿಯಾಗಿ ನಿಂತಿರೋ ತಾಳೆ ಮರ ನೋಡಿ ಸುಡಿ. ಸುಡೋ ಮುಂಚೆ ಸುತ್ತ ಬಿದ್ದಿರೋ ಹುಲ್ಲು, ಗರಿ ಎತ್ತಿಕೊಳ್ಳಿ.

ಪಾತ್ರೆಗೆ ಹಾಕೋದು: 1 ಮಾಂಸದ ತುಂಡು, ಉಳಿದ ಮೂರು ಜಾಗಕ್ಕೆ ಸಿಹಿಗೆಣಸು ಥರದ್ದು. ಬಳ್ಳಿ ಕಡಿಯುವಾಗ ಹೊರಬರೋ ಹಾವು ಕೊಂದ್ರೆ ಮಾನ್‌ಸ್ಟರ್ ಮೀಟ್ ಸಿಗುತ್ತೆ, ಅದನ್ನೇ ಬಳಸಿ. ಆದ್ರೆ ಒಂದೇ ಒಂದು. ಎರಡು ಹಾಕಿದ್ರೆ ಮಾನ್‌ಸ್ಟರ್ ಲಸಾನ್ಯ ಆಗಿ ಪ್ರಾಣಕ್ಕೂ ಸ್ಯಾನಿಟಿಗೂ ಹೊಡೆತ. ಕಡ್ಡಿ ಸೇರಿಸಿದ್ರೂ ಮೀಟ್‌ಬಾಲ್ ಆಗಲ್ಲ. ಇನ್ನೊಂದು ಕಡೆ ಎಡವೋದು ಮೀನಿನ ಜೊತೆ: 1 ಮೀನಿಗೆ ಸರಿಯಾಗಿ 2 ಸೀವೀಡ್ (ಕಡಲಪಾಚಿ) ಸೇರಿದ್ರೆ ಕ್ಯಾಲಿಫೋರ್ನಿಯಾ ರೋಲ್ ಆಗುತ್ತೆ. ಹಸಿವಿಗೆ 37.5 ಅಷ್ಟೇ, ಆದ್ರೆ ಪ್ರಾಣ 20, ಸ್ಯಾನಿಟಿ 10 ಏರುತ್ತೆ. ಹೊಟ್ಟೆ ತುಂಬಿದ್ದು ತಲೆ ಕೆಟ್ಟಿದ್ದಾಗ ಇದನ್ನೇ ಬೇಕಂತಲೇ ಮಾಡಿ.

ಹರಿಕೇನ್‌ನಲ್ಲಿ ಹೊರಗೆ ಹೋಗಿ ಬೇಟೆ ಆಡೋದು ಕಷ್ಟ. ಅದಕ್ಕೇ ಮೈಲ್ಡ್ ಮುಗಿಯೋ ಮುಂಚೆ ಬೇಸ್ ಎದುರಿನ ತಿಳಿನೀರಿನಲ್ಲಿ ಮಸಲ್ (ತಿನ್ನೋ ಚಿಪ್ಪುಜೀವಿ) ಇರೋ ಜಾಗಗಳಿಗೆ ಮಸಲ್ ಸ್ಟಿಕ್ ನೆಡಿ. ಒಂದಕ್ಕೆ 2 ಬಿದಿರು, 1 ಬಳ್ಳಿ, 1 ಸೀವೀಡ್. ಅವಸರಪಟ್ಟು ಕೀಳಬೇಡಿ, ಬಿಟ್ಟಷ್ಟೂ ಜಾಸ್ತಿ ಹಿಡಿಯುತ್ತೆ. ಲಿಂಪೆಟ್ (ಇನ್ನೊಂದು ಚಿಪ್ಪುಜೀವಿ) ಅಂಟಿರೋ ಬಂಡೆಗಳು ಹತ್ತಿರ ಇದ್ರೆ ಆ ದಂಡೆಯೇ ಬೇಸ್‌ಗೆ ಒಳ್ಳೇದು. 3 ಲಿಂಪೆಟ್, 1 ಐಸ್ ಸೇರಿದ್ರೆ ಬಿಸ್ಕ್ ಅನ್ನೋ ಸೂಪ್, ಪ್ರಾಣಕ್ಕೆ 60. ಐಸ್ ಎಲ್ಲಿಂದ ಅಂತ ಕೇಳಬೇಡಿ, ಹರಿಕೇನ್‌ನಲ್ಲಿ ಆಲಿಕಲ್ಲು ಬೀಳುತ್ತಲ್ಲ, ಅದನ್ನ ಹೆಕ್ಕಿ ಐಸ್ ಮಾಡಿಕೊಳ್ಳಬಹುದು. ಬೈಯೋ ಸೀಸನ್ನೇ ಔಷಧಿ ಕೊಟ್ಟು ಹೋಗುತ್ತೆ, ಈ ಆಟದಲ್ಲಿ ನನಗೆ ತುಂಬಾ ಇಷ್ಟ ಆಗೋದು ಇದೇ.

ಹವಳದಿಬ್ಬ

ವಿಷದ ಬಗ್ಗೆ. ತಾನಾಗಿಯೇ ಇಳಿಯುತ್ತೆ ಅಂತ ಕಾಯಬೇಡಿ, ಹೊತ್ತು ಹೋದಂತೆ ಕಚ್ಚೋ ಪ್ರಮಾಣ ಏರುತ್ತೆ. ಆಂಟಿ ವೆನಮ್‌ಗೆ (ವಿಷ ಇಳಿಸೋ ಔಷಧಿ) 1 ವೆನಮ್ ಗ್ಲಾಂಡ್ (ವಿಷದ ಗ್ರಂಥಿ), 3 ಸೀವೀಡ್, 2 ಹವಳ. ಗ್ಲಾಂಡ್ ವಿಷದ ಹಾವನ್ನ ಕೊಂದ್ರೆ ಸಿಗುತ್ತೆ. ಉಳಿದ ಎರಡೂ ಕಡಲಿನಲ್ಲಿ: ಸೀವೀಡ್ ದೋಣಿಯಿಂದ ಕೀಳಬೇಕು, ಹವಳದ ದಿಬ್ಬವನ್ನ ದೋಣಿಯಲ್ಲಿ ಪಕ್ಕಕ್ಕೆ ಹೋಗಿ ಪಿಕ್‌ಆಕ್ಸ್‌ನಲ್ಲಿ ಒಡೀಬೇಕು. ದೋಣಿ ಇಲ್ಲದೆ ಜಂಗಲ್‌ಗೆ ನುಗ್ಗಿದವರು ವಿಷ ಏರಿದ ಮೇಲೆ ಹವಳ ಹುಡುಕ್ತಾ ಸಾಯೋದು ಇದಕ್ಕೇ. ಮೊದಲ ರಾಫ್ಟ್ ಪ್ರಯಾಣದಲ್ಲೇ 4 ಹವಳ ತಂದು ಇಟ್ಟುಕೊಳ್ಳಿ. ಸೀವೀಡ್ ಕೊಳೆಯುತ್ತೆ, ಹವಳ ಕೊಳೆಯಲ್ಲ. ಗ್ಲಾಂಡ್ ಸಿಕ್ಕ ದಿನವೇ ಔಷಧಿ ಮಾಡಿ ಜೇಬಿಗೆ ಹಾಕಿಕೊಳ್ಳಿ.

ಗಡ್ಡದ_ವಿಲ್ಸನ್ ಅವರ ಮಾತಿಗೆ ಒಂದು ಸೇರಿಸ್ತೀನಿ. ರೋ ಬೋಟ್‌ಗೆ ನಿಲ್ಲಬೇಡಿ. 250 ಗಟ್ಟಿತನ ಮೈಲ್ಡ್‌ಗೆ ಸಾಕು, ಹರಿಕೇನ್ ಅಲೆಗೆ ಸಾಲದು. ಕಾರ್ಗೋ ಬೋಟ್ (6 ಹಲಗೆ, 3 ಹಗ್ಗ) 300 ತಾಳುತ್ತೆ, ಮೇಲಾಗಿ ಸಾಮಾನು ಇಡೋಕೆ 6 ಜಾಗ. 24 ದಿಮ್ಮಿ, 9 ಹುಲ್ಲು ಆಗುತ್ತೆ, ಆದ್ರೆ ಬೇಸ್ ಸ್ಥಳಾಂತರ ಒಂದೇ ಸಲಕ್ಕೆ ಮುಗಿಯುತ್ತೆ. ರಿಪೇರಿ ಕಿಟ್‌ಗೆ 2 ಹಲಗೆ, 2 ಜೇನುನೊಣದ ಮುಳ್ಳು, 2 ಹಗ್ಗ. ಅಲೆ ದೋಣಿಯ ಬದಿಗೆ ಹೊಡೆದ್ರೆ ಪೆಟ್ಟೂ ಬೀಳುತ್ತೆ, ಮೈಯೂ ಒದ್ದೆ. ಮೈ ಒದ್ದೆ ಆದ್ರೆ ಸ್ಯಾನಿಟಿ ಇಳಿಯುತ್ತೆ. ನಿಮ್ಮ ಸ್ಯಾನಿಟಿ ಕಾಯಿಲೆಗೆ ಅರ್ಧ ಕಾರಣ ಅದೇ ಇರಬೇಕು.

ಪಡುವಣಗಾಳಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೆಂಕಿ ವಿಷಯ ಉಳೀತು. ಜೊತೆಗೆ ಮಾನ್ಸೂನ್‌ನಲ್ಲಿ ಕ್ರಾಕ್ ಪಾಟ್ ಕೆಲಸ ನಿಲ್ಲಿಸುತ್ತೆ ಅಂತಾರೆ, ಹೌದಾ? ಗೆಳೆಯನೊಬ್ಬ ಡೋಂಟ್ ಸ್ಟಾರ್ವ್ ಟುಗೆದರ್ (ಹಲವರು ಸೇರಿ ಆಡೋ ಆಟ) ಕೊಂಡ್ಕೊಂಡು ನನ್ನ ಜೊತೆ ದ್ವೀಪದಲ್ಲಿ ಆಡ್ತೀನಿ ಅಂತಿದ್ದಾನೆ, ಆಗುತ್ತಾ?

ಗಡ್ಡದ_ವಿಲ್ಸನ್

ಕೊನೇದಕ್ಕೆ ಮೊದಲು ಉತ್ತರ: ಆಗಲ್ಲ. 2018ರ ಸ್ವಿಚ್ ಎಡಿಷನ್ ಒಬ್ಬರೇ ಆಡೋದು, ಶಿಪ್‌ರೆಕ್ಡ್ ಅದರೊಳಗೇ ಬರುತ್ತೆ. ಟುಗೆದರ್ ಬೇರೆಯೇ ಆಟ, ಅದರಲ್ಲಿ ಶಿಪ್‌ರೆಕ್ಡ್ ಇಲ್ಲ. ದುಡ್ಡು ಕೊಡೋ ಮುಂಚೆ ಅವರಿಗೆ ಹೇಳಿಬಿಡಿ.

ಬೆಂಕಿ: ಕ್ಯಾಂಪ್‌ಫೈರ್ (3 ಹುಲ್ಲು, 2 ದಿಮ್ಮಿ) ಗಾಳಿಗೆ ಬೇಗ ಉರಿದು ಬೂದಿ ಆಗುತ್ತೆ. ಹರಿಕೇನ್‌ಗೆ ಅಂತಲೇ ಇರೋದು ಚಿಮಿನೀಯಾ (ಮುಚ್ಚಿದ ಒಲೆ), ಅದರ ಬೆಂಕಿಗೆ ಗಾಳಿ ತಟ್ಟಲ್ಲ. ಅದಕ್ಕೆ ಮರಳು ಬೇಕು, ಬೀಚ್‌ನ ಮರಳು ದಿಬ್ಬಗಳನ್ನ ಸಲಿಕೆಯಲ್ಲಿ (2 ಕಡ್ಡಿ, 2 ಫ್ಲಿಂಟ್) ಅಗೆದು ಮೊದಲೇ ಕೂಡಿಹಾಕಿ. ನೆಲದ ಮೇಲೆ ಬಿಟ್ಟ ಸಾಮಾನನ್ನ ಗಾಳಿ ತಳ್ಳಿಕೊಂಡು ಹೋಗುತ್ತೆ. 3 ಹಲಗೆ ಖರ್ಚು ಮಾಡಿ ಪೆಟ್ಟಿಗೆ ಮಾಡಿ, 9 ಜಾಗ ಸಿಗುತ್ತೆ. ಮರಗಳೂ ಮುರಿದು ಬೀಳುತ್ತವೆ.

ಹವಳದಿಬ್ಬ

ಕ್ರಾಕ್ ಪಾಟ್ ವಿಷಯ ಹೌದು. ಮಾನ್ಸೂನ್‌ನಲ್ಲಿ ನೀರು ಅಲ್ಲಲ್ಲಿ ನಿಂತು ದಿನೇ ದಿನೇ ಹರಡುತ್ತೆ. ಕ್ರಾಕ್ ಪಾಟ್ ಆಗಲಿ ಸೈನ್ಸ್ ಮಷೀನ್ ಆಗಲಿ ನೀರಿನೊಳಗೆ ಸಿಕ್ಕರೆ ಕೆಲಸ ಮಾಡಲ್ಲ. ನಿಂತ ನೀರಿಂದ ವಿಷದ ಸೊಳ್ಳೆ ಬೇರೆ ಏಳುತ್ತೆ, ಆಂಟಿ ವೆನಮ್ ಒಂದಕ್ಕೆ ನಿಲ್ಲಿಸಬೇಡಿ ಅನ್ನೋದು ಅದಕ್ಕೇ.

ಆ ನೀರು ತಡೆಯೋ ಸ್ಯಾಂಡ್‌ಬ್ಯಾಗ್‌ಗೆ (ಮರಳಿನ ಚೀಲ) ಬಟ್ಟೆ, ಮರಳು ಎರಡೂ ಬೇಕು. ಒಂದು ಬಟ್ಟೆಗೆ 3 ಬಿದಿರು. ಇಡೀ ಬೇಸ್‌ಗೆ ಗೋಡೆ ಕಟ್ಟೋಕೆ ಹೋದ್ರೆ ಬಿದಿರು ಮುಗಿದೇ ಹೋಗುತ್ತೆ. ಕ್ರಾಕ್ ಪಾಟ್, ಚಿಮಿನೀಯಾ, ಮಷೀನ್ ಮೂರನ್ನೂ ಒತ್ತೊತ್ತಾಗಿ ಇಟ್ಟು ಅಷ್ಟಕ್ಕೇ ಸುತ್ತ ಒಂದು ಸಾಲು ಹಾಕಿ, ಮಧ್ಯೆ ಸಂದು ಬಿಡಬೇಡಿ. 36ನೇ ದಿನಕ್ಕೆ ಮಾನ್ಸೂನ್ ಶುರು, ಹರಿಕೇನ್‌ನ ಕೊನೇ ವಾರದಲ್ಲೇ ಈ ಕೆಲಸ ಮುಗಿದಿರಲಿ. ನೀರು ಬಂದ ಮೇಲೆ ಚೀಲ ಹೊಲಿಯೋಕೆ ಕೂತರೆ ಮಷೀನ್ ಆಗಲೇ ಮುಳುಗಿರುತ್ತೆ.

ಸಿಹಿಗೆಣಸು

ಇನ್ನೊಂದು: ಸ್ಯಾಂಡ್‌ಬ್ಯಾಗ್ ಸಾಲಿನೊಳಗೆ ಪೆಟ್ಟಿಗೆ ಇಡಬೇಡಿ, ಜಾಗ ವೇಸ್ಟ್. ಒಳಗೆ ಇರಬೇಕಾದ್ದು ಕೆಲಸ ಮಾಡೋ ವಸ್ತು ಮಾತ್ರ. 56ನೇ ದಿನ ಡ್ರೈ ಸೀಸನ್ ಬಂದು ಜ್ವಾಲಾಮುಖಿ ಉಗುಳೋಕೆ ಶುರು ಮಾಡುತ್ತೆ, ಅಷ್ಟರೊಳಗೆ ಹಾಯಿ ಕಟ್ಟಿದ ಕಾರ್ಗೋ ಬೋಟ್ ದಂಡೆಯಲ್ಲಿ ರೆಡಿ ಇರಲಿ. 50ನೇ ದಿನದ ಹೊತ್ತಿಗೆ ಇಲ್ಲಿ ಬಂದು ಕೇಳಿ, ಬೆಂಕಿ ಮಳೆ ಲೆಕ್ಕ ಆಗ ಬರೀತೀನಿ.