ಕಾರು ಕಂಪನಿ ಉಳಿಸಲು ಸರ್ಕಾರ ದುಡ್ಡು ಕೊಟ್ಟರೆ ಷರತ್ತು ಹಾಕಬೇಕಾ?

ಪ್ರಶ್ನೆ: ನಮಸ್ಕಾರ ಸರ್. ಮುಳುಗುತ್ತಿರುವ ಕಂಪನಿಗಳ ಸಾಲ ಸರಿಪಡಿಸುವ ಕೆಲಸ ಬ್ಯಾಂಕಿನಲ್ಲಿ ಮಾಡಿದ್ದೀರಿ ಅಂತ ನಿಮ್ಮ ಪರಿಚಯದಲ್ಲಿ ಓದಿದೆ. ನಮ್ಮ ತರಗತಿಯಲ್ಲಿ ಒಂದು ಚರ್ಚೆ ಇದೆ. ನಷ್ಟದಲ್ಲಿರುವ ಕಾರು ಕಂಪನಿಗೆ ಸರ್ಕಾರ ಬೇಲ್‌ಔಟ್ ಕೊಡುವಾಗ ಷರತ್ತು ಹಾಕಬೇಕೇ ಅನ್ನುವುದು ವಿಷಯ. ಜನರ ತೆರಿಗೆ ದುಡ್ಡು, ಹಾಗಾಗಿ ಬೇಕೇ ಬೇಕು ಅಂತ ನನ್ನ ಗೆಳತಿ ಹೇಳುತ್ತಾಳೆ. ಕಾರು ಮಾಡುವುದು ಸರ್ಕಾರಕ್ಕೇನು ಗೊತ್ತು, ಕೈ ಕಟ್ಟಿಹಾಕಿ ಈಜು ಅಂದ ಹಾಗಾಗುತ್ತದೆ ಅಂತ ನನಗೆ ಅನಿಸುತ್ತದೆ. ನಿಮ್ಮ ಅಭಿಪ್ರಾಯ?

ಉತ್ತರ: ಷರತ್ತು ಬೇಕು. ಅದರಲ್ಲಿ ನನಗೆ ಅನುಮಾನವಿಲ್ಲ. ಮನೆ ಸಾಲಕ್ಕೂ ನಾವು ಪತ್ರ ಅಡ ಇಡುತ್ತೇವೆ. ಯಾವ ಬ್ಯಾಂಕೂ ನಂಬದ ಕಂಪನಿಗೆ ಜನರ ದುಡ್ಡು ಸುಮ್ನೆ ಕೊಡುವುದು ಹೇಗೆ?

ಆದರೆ ಬೇಕಾ ಬೇಡ್ವಾ ಅನ್ನುವುದರಲ್ಲೇ ಚರ್ಚೆ ಮುಗಿಸಬೇಡಿ. ಯಾವ ಷರತ್ತು ಕಂಡರೂ ನಾನು ಮೊದಲು ಕೇಳುವುದು ಒಂದೇ. ಇದನ್ನು ಮುರಿದರೆ ಏನಾಗುತ್ತದೆ? ಉತ್ತರ ಇಲ್ಲ ಅಂದರೆ ಅದು ಷರತ್ತಲ್ಲ, ಬರೀ ಕೋರಿಕೆ.

ಅಮೆರಿಕದ ಕ್ರೈಸ್ಲರ್ ನೋಡಿ. 1979ರಲ್ಲಿ ಅದು ದಿವಾಳಿಯ ಬಾಗಿಲಲ್ಲಿತ್ತು. ಸರ್ಕಾರ ದುಡ್ಡು ಕೊಡಲಿಲ್ಲ. 150 ಕೋಟಿ ಡಾಲರ್ ವರೆಗಿನ ಸಾಲಕ್ಕೆ ಖಾತರಿ ನಿಂತಿತು. ಅದಕ್ಕೆ ಮೊದಲು ಕಾರ್ಮಿಕರು, ಬ್ಯಾಂಕುಗಳು, ಬಿಡಿಭಾಗ ಕೊಡುವವರು, ಡೀಲರುಗಳು ಎಲ್ಲರೂ ತಮ್ಮ ಪಾಲಿನದ್ದು ಬಿಟ್ಟುಕೊಡಬೇಕು ಅಂತ ಕಾನೂನಿನಲ್ಲೇ ಬರೆಯಿತು. ಜೊತೆಗೆ ಸುಮಾರು 1.44 ಕೋಟಿ ಷೇರುಗಳನ್ನು ತಲಾ 13 ಡಾಲರಿಗೆ ಕೊಳ್ಳುವ ಹಕ್ಕನ್ನೂ ಬರೆಸಿಕೊಂಡಿತು. ಕಂಪನಿ ಚೇತರಿಸಿಕೊಂಡಿತು. 1983ರಲ್ಲಿ, ಗಡುವಿಗೆ ಏಳು ವರ್ಷ ಮೊದಲೇ, ಸಾಲ ತೀರಿಸಿತು. ಷೇರು ಹಕ್ಕನ್ನು ಮಾರಿದಾಗ ಸರ್ಕಾರಕ್ಕೆ 31.1 ಕೋಟಿ ಡಾಲರ್ ಬಂತು. ಮುಳುಗಿದರೆ ಜನರ ನಷ್ಟ, ತೇಲಿದರೆ ಮಾಲೀಕರ ಲಾಭ ಅನ್ನುವ ಅನ್ಯಾಯಕ್ಕೆ ಇದಕ್ಕಿಂತ ಸರಳ ಮದ್ದು ನಾನು ಕಂಡಿಲ್ಲ.

ಇನ್ನು ನೀವು ಹೇಳಿದ ಮಾತು. ಕಾರು ಮಾಡುವುದು ಸರ್ಕಾರಕ್ಕೆ ಗೊತ್ತಿಲ್ಲ, ನಿಜ. ಹಾಗಾಗಿ ಯಾವ ಬಾಗಿಲು, ಯಾವ ಬಣ್ಣ ಅಂತ ಅದು ಹೇಳಬಾರದು. ಏನು ಸಾಧಿಸಬೇಕು ಅಂತ ಹೇಳಿ, ಹೇಗೆ ಅನ್ನುವುದನ್ನು ಎಂಜಿನಿಯರುಗಳಿಗೆ ಬಿಡಬೇಕು. 2009ರಲ್ಲಿ ಕ್ರೈಸ್ಲರ್ ಮತ್ತೆ ಬಿದ್ದಾಗ ಇಟಲಿಯ ಫಿಯಟ್ ಬಂತು. ಮೊದಲು ಅದಕ್ಕೆ ಸಿಕ್ಕಿದ್ದು ಶೇ. 20 ಪಾಲು. ಇನ್ನು ಶೇ. 15 ಬೇಕೆಂದರೆ ಮೂರು ಕೆಲಸ ಮಾಡಬೇಕಿತ್ತು, ಒಂದೊಂದಕ್ಕೂ ಶೇ. 5. ಕಡಿಮೆ ಇಂಧನದ ಎಂಜಿನ್ ಅಮೆರಿಕದಲ್ಲೇ ತಯಾರಾಗಬೇಕು. ಹೊರದೇಶಗಳ ಮಾರಾಟ ಹೆಚ್ಚಬೇಕು. ಗ್ಯಾಲನ್‌ಗೆ 40 ಮೈಲಿ ಓಡುವ ಕಾರು ಅಮೆರಿಕದಲ್ಲಿ ತಯಾರಾಗಬೇಕು. 2012ರ ಜನವರಿ ಹೊತ್ತಿಗೆ ಮೂರೂ ಮುಗಿದಿದ್ದವು. ಯಾರೂ ಬೆನ್ನ ಹಿಂದೆ ನಿಂತು ಕಾಯಬೇಕಾಗಲಿಲ್ಲ. ಕೆಲಸ ಮಾಡದಿದ್ದರೆ ಪಾಲು ಸಿಗುತ್ತಿರಲಿಲ್ಲ, ಅಷ್ಟೇ.

ಮರುಪ್ರಶ್ನೆ (ಅದೇ ಸದಸ್ಯರು): ಹಾಗಾದರೆ ಕಾರ್ಖಾನೆ ಮುಚ್ಚಬಾರದು, ಯಾರನ್ನೂ ತೆಗೆಯಬಾರದು ಅಂತ ನೇರವಾಗಿ ಬರೆಸಬಹುದಲ್ವಾ ಸರ್?

ಉತ್ತರ: ಫ್ರಾನ್ಸ್ ಅದನ್ನೇ ಮಾಡಿತು. 2009ರಲ್ಲಿ ರೆನೋ ಮತ್ತು ಪೆಜೋ-ಸಿಟ್ರೊಯೆನ್‌ಗೆ ತಲಾ 300 ಕೋಟಿ ಯೂರೊ ಸಾಲ ಕೊಟ್ಟಿತು. ಸಾಲ ಇರುವವರೆಗೆ ಫ್ರಾನ್ಸಿನಲ್ಲಿ ಕಾರ್ಖಾನೆ ಮುಚ್ಚುವುದಿಲ್ಲ ಅಂತ ಕಂಪನಿಗಳು ಮಾತು ಕೊಟ್ಟವು. 2011ರಲ್ಲಿ ಸಾಲ ತೀರಿತು. 2012ರ ಜುಲೈನಲ್ಲಿ ಪ್ಯಾರಿಸ್ ಹತ್ತಿರದ ಓಲ್ನೆ ಕಾರ್ಖಾನೆ ಮುಚ್ಚುತ್ತೇವೆ ಅಂತ ಪೆಜೋ-ಸಿಟ್ರೊಯೆನ್ ಹೇಳಿತು. ಅಲ್ಲಿ ಸುಮಾರು 3,000 ಜನ ದುಡಿಯುತ್ತಿದ್ದರು. ಕಂಪನಿ ಮಾತು ಮುರಿಯಲಿಲ್ಲ, ನೆನಪಿಡಿ. ಸಾಲ ತೀರಿದ ದಿನ ಆ ಮಾತೂ ತೀರಿತ್ತು. ಕಾರು ಮಾರಾಟವಾಗದಿದ್ದರೆ ಕಾಗದದ ಮೇಲೆ ಉಳಿಸಿದ ಕೆಲಸ ಹೆಚ್ಚು ದಿನ ಬಾಳುವುದಿಲ್ಲ.

ಇನ್ನೊಂದು ಕಷ್ಟವೂ ಇದೆ. ಸರ್ಕಾರ ಕೈಬಿಡುವುದೇ ಇಲ್ಲ ಅಂತ ಕಂಪನಿಗೆ ಗೊತ್ತಾದರೆ ಎಂಥ ಷರತ್ತೂ ನಡೆಯುವುದಿಲ್ಲ. ಬ್ರಿಟನ್ 1975ರಲ್ಲಿ ಬ್ರಿಟಿಷ್ ಲೇಲ್ಯಾಂಡ್ ಅನ್ನು ತನ್ನ ಕೈಗೆ ತೆಗೆದುಕೊಂಡಿತು. ದುಡ್ಡು ಹೋಗುತ್ತಲೇ ಇತ್ತು. ಸರ್ಕಾರದ ನೆರವು ಅಂದರೆ ಸಿಡುಕುತ್ತಿದ್ದ ಮಾರ್ಗರೆಟ್ ಥ್ಯಾಚರ್ ಕೂಡ 1981ರಲ್ಲಿ 99 ಕೋಟಿ ಪೌಂಡ್ ಕೊಟ್ಟರು. ಅಷ್ಟು ದೊಡ್ಡ ಕಂಪನಿಯನ್ನು ಬೀಳಲು ಬಿಡುವ ಧೈರ್ಯ ಯಾರಿಗೂ ಬರಲಿಲ್ಲ.

2009ರ ಅಮೆರಿಕದಲ್ಲಿ ಹಾಗಲ್ಲ, ಸರ್ಕಾರ ಕೈಬಿಡಬಹುದು ಅನ್ನುವ ಭಯ ಕಂಪನಿಗಳಿಗೆ ನಿಜವಾಗಿಯೂ ಇತ್ತು. 2008ರ ಡಿಸೆಂಬರಿನಲ್ಲಿ ಅಧ್ಯಕ್ಷ ಬುಷ್ ಜನರಲ್ ಮೋಟಾರ್ಸ್ (ಜಿಎಂ) ಮತ್ತು ಕ್ರೈಸ್ಲರ್‌ಗೆ 1,740 ಕೋಟಿ ಡಾಲರ್ ಕೊಟ್ಟು, ಬದುಕುವ ಯೋಜನೆ ತನ್ನಿ ಅಂದಿದ್ದರು. ತಂದರು. 2009ರ ಮಾರ್ಚ್ 30ರಂದು ಹೊಸ ಅಧ್ಯಕ್ಷ ಒಬಾಮ ಎರಡನ್ನೂ ಸಾಲದು ಅಂತ ವಾಪಸ್ ಕಳಿಸಿದರು. ಜಿಎಂ ಮುಖ್ಯಸ್ಥ ರಿಕ್ ವ್ಯಾಗನರ್ ಹುದ್ದೆ ಬಿಡಬೇಕಾಯಿತು. ಕ್ರೈಸ್ಲರ್‌ಗೆ 30 ದಿನ, ಜಿಎಂಗೆ 60 ದಿನ ಗಡುವು. ಕೊನೆಗೆ ಎರಡೂ ದಿವಾಳಿ ನ್ಯಾಯಾಲಯದ ಮೂಲಕವೇ ಹೊರಬಂದವು, ಹಳೆ ಷೇರುದಾರರಿಗೆ ಏನೂ ಉಳಿಯಲಿಲ್ಲ. ನನ್ನ ವೃತ್ತಿಯಲ್ಲಿ ಕಲಿತದ್ದೂ ಇದೇ. ಮೊದಲ ಯೋಜನೆಯನ್ನು ಬೇಡ ಅನ್ನಲು ಬಂದರೆ ಮಾತ್ರ ಎರಡನೆಯದು ಪ್ರಾಮಾಣಿಕವಾಗಿ ಬರುತ್ತದೆ.

ಜಿಎಂ ಒಂದರಲ್ಲೇ ಸರ್ಕಾರಕ್ಕೆ ಸುಮಾರು 1,000 ಕೋಟಿ ಡಾಲರಿಗಿಂತ ಜಾಸ್ತಿ ನಷ್ಟವಾಯಿತು ಅಂತ ಎದುರಿನವರು ಹೇಳಬಹುದು. ಹೌದು, ಆಯಿತು. ಅದನ್ನು ಮುಚ್ಚಿಡಬೇಡಿ.

ಇನ್ನೊಬ್ಬ ಸದಸ್ಯರು: ನಾನು ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಫಿಟ್ಟರ್. ಎಲ್ಲರೂ ತ್ಯಾಗ ಮಾಡಬೇಕು ಅನ್ನುತ್ತಾರೆ. ಕೊನೆಗೆ ನಮ್ಮಂಥವರ ಕೂಲಿಯೇ ಇಳಿಯುವುದು. ಅದರ ಬಗ್ಗೆ ಹೇಳಿ ಸರ್.

ಉತ್ತರ: ನೀವು ಕೇಳಿದ್ದು ಒಳ್ಳೆಯದಾಯಿತು ಅಣ್ಣಾ, ಈ ಮಾತು ಬರಲೇಬೇಕಿತ್ತು. ಮೊದಲು ನಿಮ್ಮ ಕಾರ್ಖಾನೆಯಂಥವುಗಳ ವಿಷಯ. ಒಂದೇ ಬಿಡಿಭಾಗದ ಕಾರ್ಖಾನೆ ಎರಡು ಮೂರು ಕಾರು ಕಂಪನಿಗೆ ಮಾಲು ಕೊಡುತ್ತದೆ. ಒಂದು ಕಂಪನಿ ಬಿಲ್ ಕಟ್ಟದೆ ಬಿದ್ದರೆ ಅದೂ ಬೀಳುತ್ತದೆ, ಅದರ ಹಿಂದೆ ಉಳಿದ ಕಂಪನಿಗಳ ಲೈನೂ ನಿಲ್ಲುತ್ತದೆ. 2008ರಲ್ಲಿ ಫೋರ್ಡ್ ತನ್ನ ಎದುರಾಳಿಗಳಿಗೆ ನೆರವು ಕೊಡಿ ಅಂತ ಕೇಳಿದ್ದು ಇದಕ್ಕೇ. 2009ರ ಮಾರ್ಚಿನಲ್ಲಿ ಬಿಡಿಭಾಗದವರ ಬಾಕಿಗೆ ಅಂತಲೇ 500 ಕೋಟಿ ಡಾಲರ್ ವರೆಗಿನ ಯೋಜನೆಯನ್ನು ಅಮೆರಿಕ ಸರ್ಕಾರ ಮಾಡಿತು. ದೊಡ್ಡ ಕಂಪನಿಗೆ ಕೊಟ್ಟ ದುಡ್ಡು ಕೆಳಗಿನವರ ಬಿಲ್‌ಗೆ ಇಂತಿಷ್ಟು ದಿನದಲ್ಲಿ ತಲುಪಬೇಕು ಅನ್ನುವುದು ಒಪ್ಪಂದದಲ್ಲಿ ಇರಲೇಬೇಕು.

ಕೂಲಿಯ ವಿಷಯದಲ್ಲಿ ನೀವು ಹೇಳುವುದು ನಿಜ. ಅಮೆರಿಕದ ಆ ಕಂಪನಿಗಳಲ್ಲಿ ಹೊಸಬರಿಗೆ ಗಂಟೆಗೆ ಸುಮಾರು 14 ಡಾಲರ್, ಅದೇ ಲೈನಿನಲ್ಲಿ ಪಕ್ಕ ನಿಂತ ಹಳಬರಿಗೆ ಅದರ ಎರಡರಷ್ಟು ಇತ್ತು. ಈ ಪದ್ಧತಿ 2007ರಲ್ಲೇ ಒಪ್ಪಂದದಲ್ಲಿ ಬಂದಿತ್ತು. ಬೇಲ್‌ಔಟ್ ಅದನ್ನು ಇನ್ನೂ ಬಿಗಿ ಮಾಡಿತು. ಕಂಪನಿಗಳು ಲಾಭಕ್ಕೆ ಬಂದ ಮೇಲೂ ಅದು ವರ್ಷಗಟ್ಟಲೆ ಉಳಿಯಿತು. 2023ರಲ್ಲಿ ಕಾರ್ಮಿಕರು ಆರು ವಾರ ಮುಷ್ಕರ ಹೂಡಿದಾಗಲೂ ಈ ಎರಡು ದರ್ಜೆ ತೆಗೆಯಿರಿ ಅನ್ನುವುದು ದೊಡ್ಡ ಬೇಡಿಕೆಯಾಗಿತ್ತು.

ಷೇರಿನ ಹಕ್ಕು ಸರ್ಕಾರಕ್ಕೆ ಸಿಕ್ಕಿತು, ಪಾಲಿನ ಹಕ್ಕು ಫಿಯಟ್‌ಗೆ ಸಿಕ್ಕಿತು. ಕೂಲಿ ಬಿಟ್ಟುಕೊಟ್ಟವರಿಗೆ ಅಂಥದ್ದೊಂದು ಹಕ್ಕು ಯಾಕಿರಬಾರದು? ನನ್ನ ಕೈಯಲ್ಲಿ ಒಪ್ಪಂದ ಕೊಟ್ಟರೆ ಒಂದು ಸಾಲು ಸೇರಿಸುತ್ತೇನೆ. ಕಂಪನಿ ಸತತ ಎರಡು ವರ್ಷ ಲಾಭ ತೋರಿಸಿದರೆ ಇಳಿಸಿದ ಕೂಲಿ ತಾನಾಗಿ ಮೊದಲಿನ ಮಟ್ಟಕ್ಕೆ ಬರಬೇಕು. ಅದಕ್ಕೆ ಮೊದಲು ಷೇರುದಾರರಿಗೆ ಡಿವಿಡೆಂಡ್ (ಲಾಭದ ಹಂಚಿಕೆ) ಇಲ್ಲ, ಮೇಲಿನವರಿಗೆ ಬೋನಸ್ ಇಲ್ಲ.